ಸೂಪು ಬಿಟ್ಟುಹೋದ ಹಾಡು

ನಾನು ಡ್ರಮ್ಮರ್. ಅಂದರೆ ನಿಮಗೆಲ್ಲ ಗೊತ್ತಿರುವ
ಆ ಹಾಡಿನಲ್ಲಿ ನಾನಿಲ್ಲ.
ಲಾಸ್ ಏಂಜಲೀಸಿನಿಂದ ಸಿನಿಮಾದವರು
ಫೋನಿನಲ್ಲಿ ಹೇಳಿದ್ದು ಮೂರೇ ಮಾತು:
ನಿಧಾನ ಇರಲಿ. ನಾಲ್ಕು ನಿಮಿಷ ದಾಟದಿರಲಿ.
ಡ್ರಮ್ಸ್ ಬೇಡ.

ಡುಲೂತಿನಲ್ಲಿ ಆಗ ಜನವರಿ.
ಸುಪೀರಿಯರ್ ಸರೋವರ ಮೈಲಿಗಟ್ಟಲೆ ಕಲ್ಲಾಗಿ,
ಅದಿರಿನ ಹಡಗುಗಳು ಬಂದರಿನಲ್ಲಿ
ಬಾಡಿಗೆ ಕಟ್ಟದವರಂತೆ ಸದ್ದಿಲ್ಲದೆ ನಿಂತಿದ್ದವು.
ನಾವೂ ಹೆಚ್ಚುಕಡಿಮೆ ಹಾಗೇ. ಮೂರು ಆಲ್ಬಮ್ಮು,
ಒಂದು ವ್ಯಾನು, ಅದರ ಹಿಂಬಾಗಿಲಿಗೆ ಹಗ್ಗ.
ಬಾರಿನ ಗ್ಲಾಸು ನಡುಗದಿದ್ದರೆ
ಅವತ್ತು ನುಡಿಸಿದ್ದೇ ಅಲ್ಲ ಅನ್ನುತ್ತಿದ್ದ
ಬೇಸ್ ಗಿಟಾರಿನ ಓರಿನ್ ಸ್ಟೆನ್‌ರೂಸ್.

ಕಥೆ ಫ್ಯಾಕ್ಸಿನಲ್ಲಿ ಬಂತು, ಮಸಿ ಹರಡಿಕೊಂಡು:
ಹಿಮದಲ್ಲಿ ಕಾಣೆಯಾದ ವಿಮಾನ,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಹುಡುಗಿ.
ಅವಳು ಕಾಯುವಾಗ ಹಿಂದೆ ಏನಾದರೂ ಕೇಳಿಸಬೇಕಲ್ಲ.

ಹಾಡುವವನು, ಬರೆಯುವವನು ವೆರ್ನರ್ ಹಾಲ್ಮೆ.
ಹನ್ನೊಂದು ದಿನ ಚಂದ್ರ, ಹಕ್ಕಿ, ನಿನ್ನ ಕಣ್ಣು
ಎಲ್ಲ ಬರೆದು ಹೊಡೆದುಹಾಕಿದ.
ಹನ್ನೆರಡನೆಯ ರಾತ್ರಿ ಅವನಮ್ಮನ ಅಡುಗೆಮನೆಯಲ್ಲಿ ಕೂತಿದ್ದೆವು.
ಐನೊಗೆ ಕಾಗದದ ಕಾರ್ಖಾನೆಯಲ್ಲಿ ರಾತ್ರಿಪಾಳಿ.
ಫ್ರಿಜ್ಜಿನ ಮೇಲೆ ಮೀನಿನಾಕಾರದ ಅಯಸ್ಕಾಂತ,
ಅದರಡಿ ಚೀಟಿ:
ಬಾಗಿಲು ಹಾಕಿಲ್ಲ. ಸೂಪು ಒಲೆ ಮೇಲಿದೆ.

ನನಗೆ ನಗು ಬಂತು. ‘ಒಳಗೆ ಬಂದವನಿಗೆ
ಬಾಗಿಲು ಹಾಕಿಲ್ಲ ಅಂತ ಯಾಕಯ್ಯಾ ಹೇಳಬೇಕು?’
ವೆರ್ನರ್ ನಗಲಿಲ್ಲ. ಚೀಟಿ ಬಿಡಿಸಿ ದೀಪಕ್ಕೆ ಹಿಡಿದ.
ಜಿಡ್ಡು ಕುಡಿದು ತೆಳುವಾದ ಕಾಗದ,
ನಾಲ್ಕು ಮೂಲೆಗೂ ತುಕ್ಕು ಕಟ್ಟಿದ ಮೊಳೆತೂತು.
ಯಾವುದೋ ಕಾಲದಲ್ಲಿ ಅದು
ಹೊರಬಾಗಿಲ ಮೇಲಿತ್ತು.
ಯಾರಿಗೆ ಅಂತ ಅವನೂ ಹೇಳಲಿಲ್ಲ,
ನಾನೂ ಕೇಳಲಿಲ್ಲ. ಸೂಪು ಬಿಸಿ ಮಾಡಿದೆ.
ತಿರುಗಿ ನೋಡುವಷ್ಟರಲ್ಲಿ ಗಿಟಾರು ಅವನ ತೊಡೆಯ ಮೇಲಿತ್ತು.

ರೆಕಾರ್ಡಿಂಗಿನ ದಿನ ನನಗೆ ಕೆಲಸವಿಲ್ಲ.
ಆದರೂ ಹೋದೆ. ಮೂಲೆಯ ಸ್ಟೂಲಿನ ಮೇಲೆ
ಕೈಕಟ್ಟಿ ಕೂರು ಅಂದರು, ಕೂತೆ.
ಕೈಗೇನು ಗೊತ್ತು? ಎರಡು ನಿಮಿಷ ನಲವತ್ತೊಂದನೆಯ ಸೆಕೆಂಡಿಗೆ
ಪಿಟೀಲಿನವರು ಉಸಿರೆಳೆದುಕೊಳ್ಳುವ ಆ ಸಂದಿನಲ್ಲಿ
ನನ್ನ ಅಂಗೈ ನನ್ನ ಮೊಣಕಾಲಿಗೆ ಎರಡು ಸಲ ಬಡಿಯಿತು.
ಹಿಮದಲ್ಲಿ ನೆಂದ ಜೀನ್ಸು. ಮಂದ ಸದ್ದು.
ಎಂಜಿನಿಯರ್ ತಲೆಯೆತ್ತಿದ, ಅಳಿಸಲಿಲ್ಲ.

ಆಮೇಲೆ ಹುಡುಗಿ ಕಾಯುವ ದೃಶ್ಯವನ್ನೇ ಕತ್ತರಿಸಿದರು.
ಉದ್ದವಾಯಿತಂತೆ.
ಹಾಡನ್ನು ಕೊನೆಗೆ, ಹೆಸರುಗಳು ಮೇಲೇರುವಲ್ಲಿ ತುರುಕಿದರು,
ಜನ ಕೋಟು ಹುಡುಕುತ್ತ ಎದ್ದುಹೋಗುವ ಹೊತ್ತಿಗೆ.
ಅದನ್ನು ಮೊದಲು ಪೂರ್ತಿ ಕೇಳಿದವರು
ಸೀಟಿನ ಕೆಳಗಿನ ಪಾಪ್‌ಕಾರ್ನ್ ಗುಡಿಸುವವರು.
ಮಿನಿಯಾಪೊಲಿಸಿನ ಒಂದು ಥಿಯೇಟರಿನಲ್ಲಿ
ಹೆಂಗಸೊಬ್ಬಳು ಪೊರಕೆಗೆ ಗಲ್ಲ ಊರಿ
ಅಲ್ಲೇ ನಿಂತಿದ್ದಳೆಂದು ಯಾರೋ ರೇಡಿಯೊಗೆ ಬರೆದರು.
ರೇಡಿಯೊದವರು ಹಾಕಿದರು. ಸಿನಿಮಾ ಎರಡು ವಾರಕ್ಕೆ ಹೋಯಿತು.
ಹಾಡು ಹೋಗಲಿಲ್ಲ.

ಈಗ ಮದುವೆಗಳಲ್ಲಿ ಅದಕ್ಕೆ ಕುಣಿಯುತ್ತಾರೆ,
ಹೂಳುವಾಗಲೂ ಹಾಕುತ್ತಾರೆ.
‘ಬಾಗಿಲು ಹಾಕಿಲ್ಲ’ ಎಂದು ಬೆನ್ನಿಗೆ ಹಚ್ಚೆ ಹಾಕಿಸಿಕೊಂಡವನೊಬ್ಬ
ಅಂಗಿ ಬಿಚ್ಚಿ ತೋರಿಸಿದ್ದ.
ನನ್ನ ಮೊಣಕಾಲನ್ನು ಪತ್ರಿಕೆಯವರು
ಹೃದಯ ಬಡಿತ ಎಂದು ಕರೆದರು. ತಿದ್ದಲು ಹೋಗಲಿಲ್ಲ.

ಐನೊ ಮಾತ್ರ ಎರಡು ಸಲ ಕೇಳಿ,
ಕನ್ನಡಕ ತೆಗೆದು ಒರೆಸಿ, ಮಗನಿಗೆ ಹೇಳಿದ್ದು:
‘ಸೂಪು ಯಾಕೆ ಬಿಟ್ಟೆ?’

ಅವಳಿಲ್ಲ ಈಗ. ವೆರ್ನರ್ ಅರಿಜೋನದಲ್ಲಿದ್ದಾನೆ, ಮಾತು ಕಡಿಮೆ.
ನಾನು ಚಳಿಗಾಲಕ್ಕೆ ನಗರಸಭೆಯ ಹಿಮ ಗುಡಿಸುವ ಲಾರಿ ಓಡಿಸುತ್ತೇನೆ.
ಮೊನ್ನೆ ಅಂಗಡಿಯಲ್ಲಿ ಬಟಾಣಿ ಡಬ್ಬಿ ಹಿಡಿದಿದ್ದೆ,
ಮೇಲಿನ ಸ್ಪೀಕರಿನಲ್ಲಿ ಅದು ಶುರುವಾಯಿತು.
ನಿಂತೆ. ಬಿಲ್ಲಿನ ಹುಡುಗಿ ತುಟಿಯಲ್ಲೇ ಗುನುಗುತ್ತಿದ್ದಳು.
ಎರಡು ಮೂವತ್ತು. ಎರಡು ಮೂವತ್ತೆಂಟು.
ಪಿಟೀಲಿನವರು ಉಸಿರೆಳೆದುಕೊಂಡರು,

ಐದನೇ ಸಾಲಿನಲ್ಲಿ ಹಾಲು ಚೆಲ್ಲಿದೆ,
ಯಾರಾದರೂ ಬಂದು ಒರೆಸಿ, ಎಂದಿತು ಸ್ಪೀಕರು.