ಬಾಡಿಗಿ ಪಾವತಿ

ಪ್ರತಿ ವರ್ಷ ಜನವರಿ ಮುಗಿಯೂದ್ರಾಗ
ಸಾಲಿ ಕ್ಲರ್ಕ್ ಹಡಪದ ಕೇಳ್ತಾನ:
ಸರ, ಬಾಡಿಗಿ ಪಾವತಿ?
ನಾನೂ ಪ್ರತಿ ವರ್ಷ
ಅಂಚೆ ಕಚೇರಿಯಿಂದ ಹನ್ನೆರಡು ರೆವಿನ್ಯೂ ಸ್ಟಾಂಪು ತಂದು
ಉಗುಳು ಹಚ್ಚಿ ಅಂಟಿಸಿ
ಅವ್ವನ ಮುಂದ ಇಡತಿದ್ದೆ.
ಆಕಿ ತಮ್ಮನ ಮಗ್ಗಕ್ಕ ಕಂಡಿಕಿ ಸುತ್ತೂದು ನಿಲ್ಲಿಸಿ
ಸೆರಗಿಗೆ ಕೈ ಒರಸಿ
ಹನ್ನೆರಡು ಸಲ
ಬ ನ ಶಂ ಕ ರ ವ್ವ ಅಂತ
ಎಳಿ ಎಣಿಸಿದಂಗ ಬರೀತಿದ್ಳು.

ಗಣಿತದ ಮಾಸ್ತರ ನಾನು. ಲೆಕ್ಕ ಬಾಯಿಪಾಠ:
ಬಂದ ಭತ್ಯೆ ಒಂದು,
ಕೊಟ್ಟ ಬಾಡಿಗ್ಯಾಗ ಪಗಾರದ ಹತ್ತನೇ ಪಾಲು ಕಳದದ್ದು ಒಂದು,
ಪಗಾರದ ನೂರಕ್ಕ ನಲವತ್ತು ಒಂದು.
ಮೂರರಾಗ ಸಣ್ಣದು ಯಾವ್ದೋ ಅದಕ್ಕ ತೆರಿಗಿ ಮಾಫಿ.
ತಿಂಗಳಿಗೆ ಎಂಟು ಸಾವಿರ ಅಂತ ಬರೀತಿದ್ದೆ,
ಲಕ್ಷ ದಾಟಿದ್ರ ಮಾಲಕರ ಪ್ಯಾನ್ ಕೇಳ್ತಾರ.
ಎಲ್ಲಾ ಬರೋಬರಿ.
ಕೊಟ್ಟ ಬಾಡಿಗಿ ಅನ್ನೂದೊಂದು
ಕೊಟ್ಟಿದ್ದಿಲ್ಲ.

ಹ್ವಾದ ಜನವರಿ, ಏಳು ಸಹಿ ಆದ ಮ್ಯಾಲೆ
ಪೆನ್ನು ನಿಂತಿತು.
"ಇದರಾಗ ಏನೈತೋ, ಓದು."
ಓದಿದೆ: ಬೆಟಗೇರಿಯಲ್ಲಿರುವ ನನ್ನ ಸ್ವಂತ ಮನೆಯ ಬಾಡಿಗೆ ಬಾಬ್ತು
ರೂಪಾಯಿ ಎಂಟು ಸಾವಿರ
ನಗದಾಗಿ ಮುಟ್ಟಿರುತ್ತದೆ.
"ಮುಟ್ಟಿರುತ್ತದೆ?"
ಅಂಗೈ ಮುಂದ ಹಿಡದ್ಳು, ಹೊರಳಿಸಿ ತೋರಿಸಿದ್ಳು.
ನೂಲು ಕೊರದ ಗೆರಿ ಬಿಟ್ರ ಏನಿಲ್ಲ.
ಒಳಗ ನನ್ನ ಹೆಂಡತಿ
ರೊಟ್ಟಿ ಬಡಿಯೂದು ನಿಲ್ಲಿಸಿದ್ಳು.

ಉಳದ ಐದು ಪಾವತಿ ಹಂಗ ಉಳದವು.
ಆ ವರ್ಷದ ಟ್ಯಾಕ್ಸು ಪೂರ್ತಿ ಕಟ್ಟಿದೆ.
ಏಪ್ರಿಲ್ ಒಂದಕ್ಕ ಎಂಟು ಸಾವಿರ ಎಣಿಸಿ ಕೊಟ್ರ
ಆಕಿ ತಿರಗಿ ಎಣಿಸಿದ್ಳು.
"ಓಣ್ಯಾಗ ಒಂಬತ್ತು ನಡದೈತಿ."

ಒಂಬತ್ತಂದ್ರ ವರ್ಷಕ್ಕ ಲಕ್ಷ ದಾಟಿತು.
ಪ್ಯಾನ್ ಮಾಡಿಸಿದ್ವಿ. ಟಪಾಲಿನಾಗ ಬಂತು.
ಇಂಗ್ಲೀಷಿನ್ಯಾಗ ಐತಿ, ನಾನ ಓದಿ ಹೇಳಿದೆ:
ಹೆಸರು, ಅದರ ಕೆಳಗ ತಂದೆ ಹೆಸರು, ತಿಪ್ಪಣ್ಣ.
"ಯಾವ ಸಾಲು? ಬಟ್ಟಿಟ್ಟು ತೋರಸು."
ಮದುವಿ ಆದ ಐವತ್ತೊಂದು ವರ್ಷ
ರೇಶನ್ ಚೀಟಿ, ಸೊಸೈಟಿ ಪಾಸ್‌ಬುಕ್ಕು, ದವಾಖಾನಿ ಕಾಗದ,
ಎಲ್ಲಾ ಕಡೆ ಅಪ್ಪನ ಹೆಸರ ಇತ್ತು. ನಮ್ಮಪ್ಪನ ಹೆಸರು.
ಆಕಿ ಅಪ್ಪ
ಈ ಮನಿ ಬರಕೊಟ್ಟಾಂವ
ಈಗ ಬಂದ, ಪ್ಲಾಸ್ಟಿಕ್ಕಿನ್ಯಾಗ.

ಮರುವರ್ಷ ಜುಲೈ. ಮುಳಗುಂದ ನಾಕಾ.
ಜಿರಾಕ್ಸ್ ಅಂಗಡಿ ಮ್ಯಾಲೆ ರಿಟರ್ನ್ ತುಂಬೂ ಮಾನ್ವಿ,
ಮೂರು ಫ್ಯಾನು, ಮೂವತ್ತು ಮಂದಿ.
"ಉದ್ಯೋಗ ಏನವ್ವ?"
"ಕಂಡಿಕಿ ಸುತ್ತತೀನಿ."
"ಪಗಾರ?"
"ಮನಿ ಮಗ್ಗರಿ. ಮನ್ಯಾಗ ಯಾರು ಕೊಡ್ತಾರ?"
ಮಾನ್ವಿ ಸೊನ್ನಿ ಒತ್ತಿದ.
"ಬಾಡಿಗಿ ಲಕ್ಷದ ಎಂಟು ಸಾವಿರ. ಇದರಾಗ
ನೂರಕ್ಕ ಮೂವತ್ತು ಸರಕಾರ ಬಿಡತೈತಿ, ಪಾವತಿ ಗೀವತಿ ಕೇಳಂಗಿಲ್ಲ."
"ಯಾತಕ್ಕ?"
"ಮನಿ ಸವೀತೈತೆಲ್ಲ. ಸುಣ್ಣ, ಹಂಚು, ರಿಪೇರಿ."
"ಮನಶ್ಯಾ ಸವದದ್ದಕ್ಕ?"

ಮಾನ್ವಿ ಕೀಬೋರ್ಡ್ ಮ್ಯಾಲಿನ ಕೈ ತಗದ.
ಫ್ಯಾನಿನ ಗಾಳಿಗೆ ಯಾರದೋ ಫಾರ್ಮ್ ಹದಿನಾರು
ಹಾರಿ ನನ್ನ ಕಾಲಿಗೆ ಬಿತ್ತು.
"ಆ ಕಾಲಮ್ಮು ಇಲ್ಲವ್ವ."

"ಹಳೇ ಪದ್ಧತಿ ಹಾಕ್ಲೋ, ಹೊಸಾದೋ?"
"ಫರಕ್ ಏನ್ರಿ?"
"ನಿಮಗ ಎರಡರಾಗೂ ಟ್ಯಾಕ್ಸು ಸೊನ್ನಿ."
"ಹಂಗಾರ ಹೊಸಾದು ಹಾಕ್ರಿ. ಹಳೇದು ನೋಡೇನಿ."

ಆಕಿ ಫೋನಿಗೆ ಆರು ಅಂಕಿ ಬಂದ್ವು.
ಜ್ವಾಕಿಲೆ, ಒಂದೊಂದ ಇಳಿಸಿ ಹೇಳಿದ್ಳು,
ಕೊನೀದು ಹೇಳೂಮುಂದ ದನಿ ಸಣ್ಣ ಮಾಡಿ,
ಮಂದಿ ಕೇಳಬಾರದಂತ.

ಮೊನ್ನೆ ಒಂದನೇ ತಾರೀಖು, ಮುಂಜಾನೆ,
ಪಡಸಾಲಿ ಬಾಗಲಾ ಯಾರೋ ಬಡದ್ರು.
ಹೊರಗಿಂದಲ್ಲ, ಅಡಗಿಮನಿ ಕಡಿಂದ.
ತಗದ್ರ ಅವ್ವ.
ಕೈಯಾಗ ಪಾವತಿ ಪುಸ್ತಕ, ಕಿವ್ಯಾಗ ಪೆನ್ನು.
ಹುಟ್ಟಿದಾಗಿಂದ ಈ ಮನ್ಯಾಗ ಆಕಿ
ಒಂದ ಬಾಗಲಾನೂ ಬಡದಿದ್ದಿಲ್ಲ,
ಬಡಿಯಾಕ ಯಾವ ಬಾಗಲಾ ಆಕೀಗೆ ಹಾಕಿತ್ತು.

"ಬರ್ರಿ," ಅಂದೆ, "ಚಾ ಕುಡದು ಹೋಗ್ರಿ."
"ಮೊದ್ಲು ಬಾಡಿಗಿ," ಅಂದ್ಳು.
ನಕ್ಕಳೇನೋ. ಬೆನ್ನ ಹಿಂದ ಬೆಳಕಿತ್ತು,
ಮಾರಿ ಕಾಣಲಿಲ್ಲ.