ಬಾಣ ಮುಂದಕ್ಕೆ

ನಾಲ್ಕು ನಟ್ಟು, ಅಷ್ಟೇ, ಅಂದಳು ಆಲ್ವೀನೆ,
ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತು,
ಕೈಗವಸಿನ ಹೆಣಿಗೆಯಿಂದ ಕಣ್ಣೆತ್ತದೆ.
ಎದುರುಬದುರು ಸಡಿಲಿಸು, ಅರ್ಧರ್ಧ ಸುತ್ತು.
ಒಂದೇ ಕಡೆ ಬಿಚ್ಚಿದರೆ ತಲೆ ಸೊಟ್ಟಗಾಗುತ್ತೆ.
ಮನುಷ್ಯರದ್ದೂ ಹಾಗೇ.

ಮೂರು ಬಂದವು. ನಾಲ್ಕನೆಯದಕ್ಕೆ
ಸೀಮೆಎಣ್ಣೆ ಕುಡಿಸಿ ರಾತ್ರಿಯಿಡೀ ಕಾದೆ.
ಹೊರಗೆ ಸಮುದ್ರ ಆಗಷ್ಟೇ ಹೆಪ್ಪುಗಟ್ಟುತ್ತಿತ್ತು,
ದೋಣಿಗೂ ಆಗದ, ನಡಿಗೆಗೂ ಆಗದ ಹದ.

ಈ ಕಿಹ್ನು ದ್ವೀಪದಲ್ಲಿ ಗಂಡಸರು ಕಡಲಿಗಿಳಿದರೆ
ಉಳಿದದ್ದೆಲ್ಲ ನಮ್ಮದು: ಆಲೂಗಡ್ಡೆ, ಕುರಿ, ಹೆಣ, ಮದುವೆ,
ಮತ್ತೆ ಈ ಮೂರು ಗಾಲಿಯ ಸೋವಿಯತ್ ಗಾಡಿ,
ಇಜ್ ಪ್ಲಾನೆಟಾ, ನನಗಿಂತ ಎರಡು ವರ್ಷ ದೊಡ್ಡದು.
ಪಟ್ಟೆ ಲಂಗ ಮಂಡಿಗೆ ಸಿಕ್ಕಿಸಿ ಅಮ್ಮ ಓಡಿಸುತ್ತಿದ್ದಳು,
ಪಕ್ಕದ ತೊಟ್ಟಿಯಲ್ಲಿ ಅಂಚೆ ಚೀಲ, ಕುರಿಮರಿ, ನಾನು.
ಕೆಟ್ಟರೆ ಅವಳೇ ಬಿಚ್ಚುತ್ತಿದ್ದಳು. ನಾನು ಟಾರ್ಚು ಹಿಡಿದು
ಬೇರೆಲ್ಲೋ ನೋಡುತ್ತಿದ್ದೆ.

ಅಕ್ಟೋಬರಿನಿಂದ ನನ್ನ ಲಂಗ ಕಡುನೀಲಿ.
ಇಲ್ಲಿ ದುಃಖಕ್ಕೂ ಲೆಕ್ಕವಿದೆ: ತಿಂಗಳು ಸರಿದಂತೆ
ಒಂದೆಳೆ ಕೆಂಪು, ಆಮೇಲೆ ಇನ್ನೊಂದೆಳೆ.
ಗಾಡಿಗೆ ಅಂಥ ಲೆಕ್ಕವಿಲ್ಲ. ಚರ್ಚಿನ ತಿರುವಿನಲ್ಲಿ
ಒಮ್ಮೆ ಕೆಮ್ಮಿ ನಿಂತಿತು. ಕಿಕ್ ತುಳಿದರೆ
ಹಿಟ್ಟಿನ ಚೀಲ ತುಳಿದ ಹಾಗೆ, ಮೆತ್ತಗೆ,
ತಡೆಯುವವರೇ ಇಲ್ಲ.

ಅವಳ ಪುಸ್ತಕ ರಷ್ಯನ್ನಿನದು, ಹಾಳೆಗಳೆಲ್ಲ ಎಣ್ಣೆ ಕುಡಿದಿವೆ.
ಶಾಲೆಯಲ್ಲಿ ಇನ್ನು ಬೇಡವೆಂದು ಖುಷಿಯಿಂದ ಬಿಟ್ಟ ಅಕ್ಷರಗಳನ್ನು
ಈಗ ಬೆರಳಿಟ್ಟು ಕೂಡಿಸುತ್ತೇನೆ.
ಅಂಚಿನಲ್ಲಿ ಅವಳ ಪೆನ್ಸಿಲ್: "ಸುಳ್ಳು."
ಇನ್ನೊಂದು ಕಡೆ: "ಅರ್ಧ ಸುಳ್ಳು."
ನಲವತ್ತೊಂದನೆಯ ಪುಟದಲ್ಲಿ:
"ಮೊದಲು ಬಾಯಿಗೆ ಬಟ್ಟೆ ತುರುಕು, ಪೆದ್ದಿ."
ತನಗೇ ಬರೆದುಕೊಂಡಳೋ,
ಮುಂದೆ ಓದುವವಳಿಗೋ.

ತುರುಕಿದೆ. ಆದರೂ ಉಗುರಿನಷ್ಟು ಕ್ಲಿಪ್ಪು ಟಣ್ಣೆಂದು ಹಾರಿತು.
ಒಂದು ಗಂಟೆ ನೆಲ ಸವರಿದೆ. ಸಿಕ್ಕಿದ್ದು
ಆಲ್ವೀನೆಯ ಉಣ್ಣೆಯ ಉಂಡೆಯಲ್ಲಿ.
"ಬಿದ್ದಾಗಲೇ ನೋಡಿದ್ದೆ. ಸಾಲು ಮುಗೀಲಿ ಅಂತಿದ್ದೆ."

ಪಿಸ್ಟನ್ ಕೈಗೆ ಬಂದಾಗ ಬೆಚ್ಚಗಿರುತ್ತೆ ಅಂದುಕೊಂಡಿದ್ದೆ,
ಯಾಕೋ. ತಣ್ಣಗಿತ್ತು.
ನೆತ್ತಿಯ ಮಸಿಯನ್ನು ಬರ್ಚ್ ಕಡ್ಡಿಯಲ್ಲಿ ಕೆರೆದೆ,
ಕಬ್ಬಿಣ ಸೋಕಿಸಬೇಡ ಎಂದಿತ್ತು ಪೆನ್ಸಿಲ್.
ಮಸಿಯ ಕೆಳಗೊಂದು ಪುಟ್ಟ ಬಾಣ.

ಹೊಸ ರಿಂಗು ಪ್ಯಾರ್ನುವಿನಿಂದ, ಕೊನೆಯ ದೋಣಿಯಲ್ಲಿ ಬಂದದ್ದು.
ಹೆಬ್ಬೆರಳಿನಿಂದ ಅಗಲಿಸಿದೆ, ಕೂದಲೆಳೆಯಷ್ಟು ಹೆಚ್ಚು.
ಟಿಕ್.
ಕುಂಬಾರನಿಗೆ ವರುಷ, ನನ್ನಂಥ ದೊಣ್ಣೆಗೆ ನಿಮಿಷ.
ಇನ್ನೊಂದು ಬರಲು ಮಂಜು ಗಟ್ಟಿಯಾಗಬೇಕಿತ್ತು, ಹನ್ನೊಂದು ದಿನ.
ಹನ್ನೊಂದು ದಿನ ಅಂಚೆಯನ್ನು ನಡೆದೇ ಹಂಚಿದೆ.
ಪ್ರತಿ ಬಾಗಿಲಲ್ಲೂ ಒಬ್ಬೊಬ್ಬಳು ಒಂದೊಂದು ಉಪಾಯ ಹೇಳಿದಳು.
ಯಾವುದೂ ಇನ್ನೊಂದಕ್ಕೆ ಹೊಂದಲಿಲ್ಲ.

ಈ ಸಲ ಆಲ್ವೀನೆ ಎದ್ದಳು. ಎಂಬತ್ತಮೂರರ ಮಂಡಿ ಕಟಕಟ ಅಂದಿತು.
ಅವಳು ರಿಂಗನ್ನು ಅದುಮಿ ಹಿಡಿದಳು,
ನಾನು ಸಿಲಿಂಡರು ಇಳಿಸಿದೆ,
ಮಗುವಿನ ತಲೆಗೆ ಅಂಗಿ ತೊಡಿಸುವ ಹಾಗೆ,
ತಿರುಚದೆ, ಉಸಿರು ಬಿಡದೆ.
ಕೂತಿತು.
"ಬಾಣ ಯಾವ ಕಡೆಗಿದೆ?" ಅಂದಳು ಆಮೇಲೆ.

ಹಿಂದಕ್ಕಿತ್ತು.

ಮತ್ತೆ ಬಿಚ್ಚಿದೆವು. ಈಗ ಪುಸ್ತಕ ತೆರೆಯಲಿಲ್ಲ,
ನಾಲ್ಕನೆಯ ನಟ್ಟು ಕೂಡ ಹಟ ಮಾಡಲಿಲ್ಲ.
ಮೂರೂವರೆಗೆಲ್ಲ ಕತ್ತಲು. ಕಿಕ್ ತುಳಿದೆ.
ಅದು ತಿರುಗಿ ನನ್ನ ಕಾಲನ್ನು ತಳ್ಳಿತು,
ಒಳಗೆ ಯಾರೋ ಇದ್ದೇವೆ ಎನ್ನುವ ಹಾಗೆ.
ಏಳನೆಯ ತುಳಿತಕ್ಕೆ ಕೊಟ್ಟಿಗೆ ತುಂಬ ನೀಲಿ ಹೊಗೆ,
ಹೊಗೆಯೊಳಗೆ ಆಲ್ವೀನೆಯ ಬೈಗುಳ.

ತಳದ ಗ್ಯಾಸ್ಕೆಟ್ಟು ಎಡಗಡೆ ಸೋರುತ್ತಿದೆ.
ಇನ್ನೊಮ್ಮೆ ಬಿಚ್ಚಬೇಕು, ಇವತ್ತಲ್ಲ.
ನಲವತ್ತೊಂದನೆಯ ಪುಟದಲ್ಲಿ, ಅವಳ ಸಾಲಿನ ಕೆಳಗೆ
ಜಾಗ ಇತ್ತು. ಬರೆದೆ:
"ಬಾಣ ಮುಂದಕ್ಕೆ, ಪೆದ್ದಿ."