ತಿಕ್ಕಿ ತಂದ ದುಡ್ಡು

ಕಲಬುರಗಿ ಗಂಜಿನ ಕಡೆ ಹೋಗೋ ಓಣಿಯಾಗ
ಮೂರಡಿ ದುಕಾನು ನನ್ನದು.
ಮುಂದ ವಾಚಿನ ಬೆಲ್ಟು, ಸೆಲ್ಲು; ಹಿಂದಿನ ಖಣದಾಗ ರೊಕ್ಕ,
ನಡೆಯದ ರೊಕ್ಕ.

ಕಲಿಸಿದಾವ ಮೌಲಾಲಿ ಸಾಬ, ಗಡಿಯಾರ ರಿಪೇರಿಯಾವ.
ಕಣ್ಣಿಗಿ ಭೂತಗನ್ನಡಿ ಸಿಗಿಸಿಕೊಂಡೇ ಹೇಳತಿದ್ದ:
"ಮೊದಲ ಇಸವಿ ನೋಡಬ್ಯಾಡ, ಅಂಚು ನೋಡು.
ಇಸವಿ ಸುಳ್ಳು ಹೇಳತದ, ಅಂಚು ಹೇಳಂಗಿಲ್ಲ.
ಆಮ್ಯಾಲ ತೂಕ. ಆಮ್ಯಾಲ ಅಯಸ್ಕಾಂತ.
ತಂದಾವರ ಮಾರಿ ಕಡೀಗಿ."

ಹಂಗೇ ಕಲತೆ.
ಎಪ್ಪತ್ತಾರರತನಕ ರಾಣಿ, ಮುಂದ ಚಕ್ರವರ್ತಿನಿ;
ಅದೇ ಮಾರಿ, ಅದೇ ಕಿರೀಟ, ಹೆಸರಷ್ಟೇ ಬಲತದ್ದು.
ಎಡ್ವರ್ಡನ ತಲಿಮ್ಯಾಲ ಏನೂ ಇಲ್ಲ.
ಹನ್ನೊಂದರ ಜಾರ್ಜನ ಎದಿಮ್ಯಾಲಿನ ಆನಿ
ಮಂದಿಗಿ ಹಂದಿಯಂಗ ಕಂಡು ಗದ್ದಲಾಗಿ
ಮರುವರ್ಷ ಸೊಂಡಿಲು ತಿದ್ದಿದರು.
ನಲವತ್ತಮೂರರ ಪೈಸಾದ ನಡುವ ತೂತು:
ಯುದ್ಧದಾಗ ತಾಮ್ರ ಸಾಲಲಿಲ್ಲ.
ನಮ್ಮ ಬಂಡಿಯಾವರು ಅದನ್ನ ವಾಶರ್ ಮಾಡಿಕೊಂಡರು.

ಹನುಮಪ್ಪನ ದುಡ್ಡು ತರಾವರು ವಾರಕ್ಕೊಬ್ಬರು.
"ಸಾವಿರದ ಎಂಟುನೂರ ಹದಿನೆಂಟು, ಕಂಪನಿ ಸರಕಾರದ್ದು,
ಅಕ್ಕಿ ಎಳೀತದರಿ, ಕೋಟಿ ಕೊಡಾವರು ಅದಾರ."
ಅಕ್ಕಿ ಎಳೀಲಿಲ್ಲ.
ನನ್ನ ಅಯಸ್ಕಾಂತ ಮಾತ್ರ ಅದನ್ನ
ಟಪ್ಪಂತ ಎಳಕೊಂಡಿತು.
ಒಳಗ ಕಬ್ಬಿಣ, ಮ್ಯಾಲ ತಾಮ್ರದ ನೀರು.
ಚಾ ಹೇಳತೀನಿ. ಕುಡೀದೇ ಹೋಗತಾರ.

ಮೊನ್ನಿ ಶಹಾಬಾದದಿಂದ ಜಗದೇವಿ ಬಂದಿದ್ದಳು,
ಸೆರಗಿನಾಗ ಗಂಟು.
ಬಿಚ್ಚಿದರ, ದುಕಾನೆಲ್ಲ ಬೆಳಕು.
ನಲವತ್ತು ದುಡ್ಡು, ಇವತ್ತೇ ಟಂಕಸಾಲಿಯಿಂದ ಬಿದ್ದಂಗ ಕೆಂಪಗ.
"ಕರ್ರಗಿದ್ದವರಿ. ನಿಮ್ಮ ಮುಂದ ಹಂಗ ಹ್ಯಾಂಗ ಇಡಲಿ?
ಎರಡು ರಾತ್ರಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕೀನಿ.
ನೋಡ್ರಿ ಬೆರಳು."

ಬೆರಳು ನೋಡಿದೆ. ಉಗುರ ಸಂದಿ ಹುಳಿಗಿ ಬೆಳ್ಳಗಾಗಿತ್ತು.
ದುಡ್ಡು ನೋಡಿದೆ.
ಮೂವತ್ತೈದರ ಕಾಲಾಣೆ, ಕಂಪನಿಯ ಜೋಡಿ ಸಿಂಹ;
ಜೂಲಿನ ಗೆರಿ ಸುದ್ದಾ ಸವೆದಿಲ್ಲ,
ಅಂದ್ರ ಬಹಳ ಕೈ ದಾಟಿಲ್ಲ.
ನೂರ ತೊಂಬತ್ತು ವರ್ಷ ಕೂತು ಕಟ್ಟಿದ ಖಜೂರದ ಬಣ್ಣ,
ರೊಕ್ಕ ಕೊಡೋದೇ ಅದಕ್ಕ,
ಬಚ್ಚಲ ಮೋರಿಯಾಗ ಹರಿದು ಹೋಗಿತ್ತು.

ಆರುನೂರರದ್ದು ಈಗ ಮೂವತ್ತು.
ಹ್ಯಾಂಗ ಹೇಳಲಿ,
ಹುಟ್ಟಿದಾಗಿಂದ ಕೊಡ ಬೆಳಗಿದ ಕೈಗಿ
ಹೊಳಪೇ ತಪ್ಪು ಅಂತ?

ಅದರಾಗ ಒಂದು ಬ್ಯಾರೆ.
ರಾಜ ಇಲ್ಲ, ರಾಣಿ ಇಲ್ಲ, ಇಸವಿ ಇಲ್ಲ.
ದಾರ ಪೋಣಿಸೋ ತೂತು, ಇಂಗ್ಲಿಷಿನ ಮೂರು ಅಕ್ಷರ,
ಕೆಳಗ ಎರಡುನೂರ ಹದಿನೇಳು.
ಅದೊಂದೇ ಕರ್ರಗ.

"ಅದು ರೊಕ್ಕಲ್ಲರಿ, ಅದಕ್ಕ ತಿಕ್ಕಲಿಲ್ಲ.
ನಮ್ಮತ್ತಿಯ ಅವ್ವಂದು. ಕಲ್ಲಿನ ಖಣಿಯಾಗ
ಮುಂಜಾನಿ ಬಿಲ್ಲಿ ಕೊಡತಿದ್ರಂತ, ಸಂಜಿಗಿ ತಿರುಗಿ ಕೊಟ್ರ ಕೂಲಿ.
ಒಂದಿನ ಕೊಡೋದಕ್ಕ ಹೋಗಿಲ್ಲ ಆಕಿ."
"ಯಾಕ?"
"ಮಧ್ಯಾಹ್ನ ನಮ್ಮತ್ತಿ ಹುಟ್ಯಾಳಲ್ರಿ."

ನನ್ನ ಬಲ್ಲಿ ಪುಸ್ತಕ ಮೂರು. ಮೂರರಾಗೂ ಇಲ್ಲ.
ತಕ್ಕಡಿಗಿಟ್ಟೆ: ಹನ್ನೊಂದು ಗ್ರಾಂ.
ಅಯಸ್ಕಾಂತ ಎಳೀಲಿಲ್ಲ.
ಅಂಚು ನೋಡಿದೆ, ಒಂದು ಕಡೆ ಹಲ್ಲಿನ ಗುರುತು.
ಯಾರು ಕಚ್ಚಿದ್ದು, ಎದಕ್ಕ, ಕೇಳಲಿಲ್ಲ.
ಕಡೀಗಿ ಮಾರಿ ನೋಡಿದೆ.

"ಎಷ್ಟ ಬರ್ತದರಿ ಇದಕ್ಕ?"
"ಒಂದಿನದ ಕೂಲಿ," ಅಂದೆ. "ಇನ್ನೂ ಬರೋದದ."
ನಕ್ಕಳು. ಅದನ್ನಷ್ಟೇ ತಿರುಗಿ ಸೆರಗಿಗಿ ಕಟ್ಟಿಕೊಂಡಳು.

ಉಳಿದ ನಲವತ್ತಕ್ಕ ಲೆಕ್ಕ ಮಾಡಿದೆ,
ತಿಕ್ಕಿದ ಎರಡು ರಾತ್ರಿನೂ ಹಿಡಿದು.
ಲುಕ್ಸಾನೇ. ಇರಲಿ.

ಕಂಪನಿಯ ಆ ಕಾಲಾಣಿ ಕಿಟಕಿಯಾಗ ಇಟ್ಟೀನಿ,
ಬಿಸಿಲಿಗಿ, ಧೂಳಿಗಿ, ಓಣಿಯ ಉಸಿರಿಗಿ.
ಕರ್ರಗಾಗಲಿ ಮತ್ತ.
ಅದಕ್ಕೇನು ಅವಸರಿಲ್ಲ,
ನಾ ಇರಂಗಿಲ್ಲ ಅಷ್ಟೇ.